ಮೂರನೇ ತೂತಿನ ನೀರು

ಆಯುಧಪೂಜೆ ಬಂತೆಂದರೆ ಗಾವಡಗೆರೆ ಸುತ್ತಿನ ಊರುಗಳಲ್ಲಿ ಕುಡುಗೋಲಿನಿಂದ ಹಿಡಿದು ಬೋರ್‌ವೆಲ್ಲಿನ ಸ್ಟಾರ್ಟರ್ ಡಬ್ಬಿಯವರೆಗೆ ಎಲ್ಲಕ್ಕೂ ಸ್ನಾನವಾಗಬೇಕು. ನೀರು ತಡೆಯುವ ಸಾಮಾನು ಯಾವುದು, ತಡೆಯದ್ದು ಯಾವುದು ಅಂತ ಆವತ್ತು ಯಾರೂ ಕೇಳುವುದಿಲ್ಲ. ದೇವರ ಮುಂದೆ ಕೊಳಕು ನಿಲ್ಲಬಾರದು, ಅಷ್ಟೇ. ತಿಮ್ಮಮ್ಮನ ಮನೆಯ ಪಿಕಪ್ ಗಾಡಿಗೂ ಈ ವರ್ಷ ಹಾಗೇ ಆಯಿತು. ಅವಳ ಕಿರಿಮಗ ಮಾದೇಶ ಬೆಳಿಗ್ಗೆಯೇ ಗಾಡಿಯನ್ನು ಕೆರೆ ಏರಿಯ ಪಕ್ಕ ನಿಲ್ಲಿಸಿಕೊಂಡು, ಹೊಗೆಸೊಪ್ಪಿಗೆ ಔಷಧಿ ಹೊಡೆಯುವ ಪವರ್ ಸ್ಪ್ರೇಯರ್ ತಂದು, ಅದರ ಗನ್ನಿನಿಂದ ತೊಳೆದ. ಚಕ್ರ ತೊಳೆದ, ಬಾಡಿ ತೊಳೆದ. ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಈ ಗಾಡಿಯ ಇಂಜಿನ್ನು ಇರುವುದು ಸೀಟಿನ ಕೆಳಗೆ. ಪುಣ್ಯಾತ್ಮ ಸೀಟನ್ನೂ ಎತ್ತಿ, ಎಣ್ಣೆ ಮೆತ್ತಿದ ಇಂಜಿನ್ನಿನ ನೆತ್ತಿಗೂ ನೀರು ಬಿಟ್ಟು, ಅದು ಹೊಸ ಪಾತ್ರೆಯ ಹಾಗೆ ಹೊಳೆಯುವವರೆಗೂ ಗನ್ ಕೆಳಗಿಡಲಿಲ್ಲ.

ಗಾಡಿ ಕೊಂಡವನು ತಿಮ್ಮಮ್ಮನ ಹಿರಿಮಗ ಮಹೇಂದ್ರ. ಹೋದ ವರ್ಷ ಶ್ರಾವಣದಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಹತ್ತಿರ ಸೌದೆ ಇಳಿಸುತ್ತಿದ್ದವನು ಎದೆ ಹಿಡಿದುಕೊಂಡು ಕೂತ. ಹುಣಸೂರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಕ್ಕಳಿರಲಿಲ್ಲ. ಹೆಂಡತಿ ಪವಿತ್ರಳಿಗೆ ಅವನು ಬಿಟ್ಟುಹೋದದ್ದು ಅಂದರೆ ಈ ಗಾಡಿ, ಮತ್ತೆ ಕೆರೆ ಅಂಗಳದಲ್ಲಿ ಬೇಸಿಗೆಯ ಸಂಜೆಗಳಲ್ಲಿ ನಗುನಗುತ್ತಾ ಕಲಿಸಿದ ಡ್ರೈವಿಂಗು. ಮಾದೇಶನಿಗೆ ಹೊಲ, ಬ್ಯಾರನ್ನು ಅಂತ ಕೈತುಂಬ ಕೆಲಸ. ಹಾಗಾಗಿ ಸೂತಕ ಕಳೆದು ತಿಂಗಳಾದ ಮೇಲೆ ಅವಳೇ ಒಂದು ಬೆಳಿಗ್ಗೆ ಕೀ ತೆಗೆದುಕೊಂಡು ಹೊರಟಳು. ಊರು ನಾಲ್ಕು ದಿನ ಆಡಿಕೊಂಡಿತು. ಆಮೇಲೆ ಅದೇ ಊರು ಟೊಮೇಟೊ ಕ್ರೇಟು, ಸೊಪ್ಪಿನ ಮೂಟೆ, ಬಾಣಂತಿ, ಮುದುಕಿ ಎಲ್ಲವನ್ನೂ ಅವಳ ಗಾಡಿಗೇ ಏರಿಸಿತು. ಬೇರೆ ಕಡೆ ಕಂಡರೆ ಜನ ಅವಳ ಬರಿ ಹಣೆ ನೋಡುತ್ತಿದ್ದರು. ಗಾಡಿಯಲ್ಲಿ ಕಂಡರೆ ಹಿಂದೆ ಜಾಗ ಇದೆಯಾ ಅಂತ ನೋಡುತ್ತಿದ್ದರು. ಆ ಸೀಟಿನ ಮೇಲೆ ಕೂತಾಗ ಮಾತ್ರ ತಾನಿನ್ನೂ ಲೆಕ್ಕಕ್ಕಿರುವವಳು ಅನ್ನಿಸುತ್ತಿತ್ತು ಅವಳಿಗೆ. ಆ ಮನೆಯಲ್ಲಿ ಅವಳು ಉಳಿದಿದ್ದೂ ಆ ಕೀಯ ಬಲದಿಂದಲೇ. ಕೀ ಹೋದರೆ ಹನಗೋಡಿನ ತವರಿಗೆ ಹೋಗಿ, ಅಣ್ಣನ ಹೆಂಡತಿ ಬಡಿಸಿದ್ದನ್ನು ತಲೆ ಬಗ್ಗಿಸಿಕೊಂಡು ಉಣ್ಣಬೇಕು. ಇದು ಅವಳಿಗೆ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು.

ಹೋದ ವರ್ಷ ಸಾವಿನ ಮನೆ ಅಂತ ಪೂಜೆ ಇರಲಿಲ್ಲ. ಈ ಸಲ ತಿಮ್ಮಮ್ಮ ಮನಸ್ಸು ಗಟ್ಟಿ ಮಾಡಿಕೊಂಡು ಮಾಡಿಸಿದಳು. ಮಾದೇಶನ ಹೆಂಡತಿ ರಾಣಿ ಗಾಡಿಯ ಮೂತಿಗೆ ಅರಿಸಿನ ಕುಂಕುಮ ಹಚ್ಚಿ, ಚೆಂಡು ಹೂವಿನ ಹಾರ ಹಾಕಿದಳು. ಮಾದೇಶ ಬೂದುಗುಂಬಳಕಾಯಿ ಹಿಡಿದುಕೊಂಡು ಮುಂದೆ ನಿಂತ. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಾಯಿತು. ಅದರ ಮೇಲೆ ಗಾಡಿ ಹಾಯಿಸಲು ಪವಿತ್ರ ಹತ್ತಿ ಕೂತಳು. ಕೂತು ನೋಡಿದರೆ ಸ್ಟೇರಿಂಗಿಗೆ ಕುಂಕುಮವೇ ಇಲ್ಲ. ರಾಣಿ ಮರೆತಿದ್ದಳು. ದಿನಾ ತನ್ನ ಕೈ ಹಿಡಿದು ನಡೆಸುವ ಸ್ಟೇರಿಂಗು ಹಬ್ಬದ ದಿನ ಬೋಳು ಇರುವುದೇ ಅಂತ, ಕಿಟಕಿಯ ಪಕ್ಕದಲ್ಲಿದ್ದ ತಟ್ಟೆಗೆ ಕೈ ಚಾಚಿ, ಚಿಟಿಕೆ ಕುಂಕುಮ ತೆಗೆದು ಸ್ಟೇರಿಂಗಿನ ನಡುವೆ ಒಂದು ಬೊಟ್ಟು ಇಟ್ಟಳು. ತಾನು ಇಂಥವಳು, ಇಡಬಾರದು ಅನ್ನುವುದು ಆ ಗಳಿಗೆಯಲ್ಲಿ ಅವಳಿಗೆ ಹೊಳೆಯಲೇ ಇಲ್ಲ.

ಕೀ ತಿರುಗಿಸಿದಳು. ಗಾಡಿ ಸ್ಟಾರ್ಟ್ ಆಯಿತು, ಆಗಿ ಚಳಿಜ್ವರ ಬಂದವರ ಹಾಗೆ ನಡುಗಿತು. ನಿಂಬೆಹಣ್ಣಿನ ಮೇಲೆ ಹತ್ತುವ ಬದಲು ಎರಡು ಸಲ ಜಗ್ಗಿ ಆಫ್ ಆಯಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂತಾರಲ್ಲ, ಹಾಗೆ. ಬೀದಿಯವರೆಲ್ಲ ನಿಂತು ನೋಡುತ್ತಿದ್ದರು. ತಿಮ್ಮಮ್ಮ ಗಾಡಿಯನ್ನು ನೋಡಲಿಲ್ಲ, ಸ್ಟೇರಿಂಗಿನ ಮೇಲಿನ ಬೊಟ್ಟನ್ನು ನೋಡಿದಳು. ಆಮೇಲೆ ಸೊಸೆಯ ಬೆರಳನ್ನು ನೋಡಿದಳು. ಕೈ ಚಾಚಿ ಕೀ ಈಸಿಕೊಂಡು, ಒಳಗೆ ಹೋಗಿ ದೇವರ ಪಟದ ಮೊಳೆಗೆ ನೇತುಹಾಕಿದಳು.

ಅಲ್ಲಿಂದ ಗಾಡಿ ಓಡಿಸಿದವನು ಮಾದೇಶ. ಗಾಡಿಯೇನೋ ಓಡುತ್ತಿತ್ತು, ಆದರೆ ಕುಂಟೆತ್ತಿನ ಹಾಗೆ. ಸಪಾಟು ರಸ್ತೆಯಲ್ಲಿ ಹೇಗೋ ಸಾಗುತ್ತಿತ್ತು, ದಿಬ್ಬ ಬಂದರೆ ಉಸಿರು ಬಿಡುತ್ತಿತ್ತು. ಮೀಟರಿನಲ್ಲಿ ಹಳದಿ ದೀಪ ಮಿಣುಕುತ್ತಿತ್ತು. ಪೆಟ್ರೋಲು ಸರಿಯಿಲ್ಲ ಅಂತ ಅದನ್ನು ಬಸಿದು ಬೇರೆ ಹಾಕಿಸಿದ. ಏರ್ ಫಿಲ್ಟರ್ ಬದಲಾಯಿಸಿದ. ಪಿರಿಯಾಪಟ್ಟಣದ ಹರಾಜು ಕಟ್ಟೆಗೆ ಹೊಗೆಸೊಪ್ಪಿನ ಬೇಲು ತುಂಬಿಕೊಂಡು ಹೋದಾಗ ಏರಿನಲ್ಲಿ ಗಾಡಿ ನಿಂತೇ ಹೋಯಿತು. ಬೇಲುಗಳನ್ನು ಇನ್ನೊಬ್ಬರ ಗಾಡಿಗೆ ಹಾಕಿ ಕಳಿಸುವಷ್ಟರಲ್ಲಿ ಕಟ್ಟೆಯಲ್ಲಿ ಸರದಿ ತಪ್ಪಿತು. ಮಾಲಿನವರು ಮಾದೇಶನನ್ನು ಬೈಯಲಿಲ್ಲ. ಅಯ್ಯೋ ಪಾಪ, ನಿಮ್ಮ ಮನೇಲಿ ಹಿಂಗಂತೆ ಅಂತ ಮರುಗಿದರು. ಬೈದಿದ್ದರೇ ಚೆನ್ನಾಗಿತ್ತು.

ತಿಮ್ಮಮ್ಮ ಅದೇ ವಾರ ಚಿಕ್ಕಮಾದಯ್ಯನ ಹತ್ತಿರ ಶಾಸ್ತ್ರ ಕೇಳಿಸಿದಳು. ಆತ ಕವಡೆ ಬಿಟ್ಟು, ಮುಟ್ಟಬಾರದ ಕೈ ಮುಟ್ಟಿದೆ, ಮಂಗಳವಾರ ತಡೆ ಒಡೆಸಿ ದೋಷ ಕಳೆಯಬೇಕು ಅಂದ. ಊರಿಗೆಲ್ಲ ಗೊತ್ತಿದ್ದ ಮಾತನ್ನು ಹೇಳುವುದಕ್ಕೆ ಕವಡೆ ಯಾಕೆ ಬೇಕಿತ್ತೋ. ಕೇಳಿಕೊಂಡು ಬಂದ ತಿಮ್ಮಮ್ಮ ಸೊಸೆಯನ್ನು ಜರೆಯಲಿಲ್ಲ. ಅವಳು ಅಂಥ ಹೆಂಗಸಲ್ಲ. ಗಂಡ ಸತ್ತ ಸೊಸೆಗೆ ಒಂದು ದಿನವೂ ತಂಗಳು ಬಡಿಸಿದವಳಲ್ಲ. ಮಂಗಳವಾರ ನೀನು ಅಂಗಳಕ್ಕೆ ಬರಬೇಡ ಕಣಮ್ಮಿ ಅಂತ ಮೆತ್ತಗೆ ಹೇಳಿದಳು, ಹೇಳಿ ಅವಳ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು. ಪವಿತ್ರ ಆ ಮುದ್ದೆಯನ್ನು ಹಾಗೇ ಬಿಟ್ಟು ಎದ್ದಳು.

ಅವಳು ಮಾದೇಶನನ್ನು ಹಿತ್ತಿಲಲ್ಲಿ ಹಿಡಿದಳು. ತಡೆ ಒಡೆಸುವುದಿದ್ದರೆ ಒಡೆಸಿ, ನಾನು ಬೇಡ ಅನ್ನೋಲ್ಲ, ಆದರೆ ಅದಕ್ಕೂ ಮುಂಚೆ ಒಂದು ಸಲ ಹುಣಸೂರಿನ ಮೆಕ್ಯಾನಿಕ್ ಸ್ವಾಮಿಗೆ ತೋರಿಸೋಣ ಅಂದಳು. ನಿಮ್ಮಣ್ಣ ಇದ್ದಿದ್ದರೆ ಮೊದಲು ಅಲ್ಲಿಗೇ ಹೋಗುತ್ತಿದ್ದರು ಅಂತಲೂ ಅಂದಳು. ಮಾದೇಶ ಒಳ್ಳೆಯವನು, ಆದರೆ ಗುಂಡಿಗೆ ಗಟ್ಟಿಯಿಲ್ಲದವನು. ಅಣ್ಣನ ಹೆಸರು ಎತ್ತಿದರೆ ಕರಗಿಬಿಡುತ್ತಿದ್ದ. ಸೋಮವಾರ ಪೂಜೆ ಸಾಮಾನು ತರುತ್ತೇನೆ ಅಂತ ಅವ್ವನಿಗೆ ಹೇಳಿ ಗಾಡಿ ತೆಗೆದ. ಪವಿತ್ರ ಮುಂದೆ ನಡೆದುಹೋಗಿ, ಊರಾಚೆಯ ಬಸ್ ಸ್ಟಾಪಿನಲ್ಲಿ ಹತ್ತಿಕೊಂಡಳು. ತನ್ನ ಗಂಡನ ಗಾಡಿಯನ್ನೇ ಕದ್ದು ಹತ್ತಬೇಕಾಯಿತಲ್ಲ ಅಂತ ಅವಳಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು.

ಮೆಕ್ಯಾನಿಕ್ ವೀರಭದ್ರಸ್ವಾಮಿಯ ಶೆಡ್ಡು ಹುಣಸೂರು ಬೈಪಾಸಿನಲ್ಲಿತ್ತು. ಮಹೇಂದ್ರನ ಗೆಳೆಯ, ಬಾಯಿ ಸುಮ್ಮನಿರದ ಮನುಷ್ಯ. ಗಾಡಿ ಶೆಡ್ಡಿನೊಳಕ್ಕೆ ಬರುವ ಮುಂಚೆಯೇ, ನಾಲ್ಕರಲ್ಲಿ ಒಂದು ಸಿಲಿಂಡರ್ ಕೆಲಸ ಬಿಟ್ಟು ಮಲಗಿದೆ, ಮಿಕ್ಕ ಮೂರು ಅದನ್ನೂ ಹೊತ್ತುಕೊಂಡು ಬರುತ್ತಿವೆ ಅಂದ. ಪೆಟ್ರೋಲು ಬದಲಾಯಿಸಿದ್ದು, ಫಿಲ್ಟರ್ ಬದಲಾಯಿಸಿದ್ದು ಕೇಳಿ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಅಂತ ಮಾದೇಶನನ್ನು ಛೇಡಿಸಿದ. ಸ್ಕ್ಯಾನರ್ ಸಿಕ್ಕಿಸಿದಾಗ ಅದು ಮೂರನೆಯದರ ಕಡೆ ಬೆರಳು ತೋರಿಸಿತು. ಡಬ್ಬಿ ಹೇಳಿದ್ದನ್ನೆಲ್ಲ ನಂಬಬಾರದು ಅಂತ ಸೀಟು ಎತ್ತಿ, ಇಂಜಿನ್ ಓಡುತ್ತಿರುವಾಗಲೇ ಒಂದೊಂದೇ ಸಿಲಿಂಡರಿಗೆ ಕಿಡಿ ಕೊಡುವ ಕಾಯಿಲಿನ ವೈರು ತೆಗೆದು ಮತ್ತೆ ಸಿಕ್ಕಿಸತೊಡಗಿದ.

ಪವಿತ್ರ ಬಗ್ಗಿ ನೋಡುತ್ತಿದ್ದಳು. ಮೊದಲನೆಯದನ್ನು ತೆಗೆದಾಗ ಇಂಜಿನ್ನು ಇನ್ನಷ್ಟು ನಡುಗಿ ಸಾಯುವ ಹಾಗಾಯಿತು. ಎರಡನೆಯದಕ್ಕೂ ಹಾಗೇ. ಮೂರನೆಯದನ್ನು ತೆಗೆದ. ಏನೂ ಆಗಲಿಲ್ಲ. ಇಂಜಿನ್ನಿಗೆ ಗೊತ್ತೇ ಆಗದ ಹಾಗೆ ಅದೇ ಕುಂಟುಸದ್ದು. ಇದ್ದರೂ ಅಷ್ಟೇ, ತೆಗೆದರೂ ಅಷ್ಟೇ ಅಂದರೆ ಅದೇ ಸತ್ತಿರೋದು ಅಂತ ಸ್ವಾಮಿ ಸಲೀಸಾಗಿ ಹೇಳಿದ. ಆ ಮಾತಿಗೆ ಅವಳ ಎದೆ ಚುರುಕ್ಕೆಂದಿತು. ಇಷ್ಟು ದಿನ ಮೂಲೆಯಲ್ಲಿ ಕೂತು ತನ್ನ ಬಗ್ಗೆ ಯೋಚಿಸುತ್ತಿದ್ದದ್ದೂ ಅದನ್ನೇ.

ಸ್ವಾಮಿ ಇಂಜಿನ್ ಆಫ್ ಮಾಡಿ, ಮೂರನೆಯದರ ಕಾಯಿಲನ್ನು ಮೆಲ್ಲಗೆ ಮೇಲಕ್ಕೆ ಎಳೆದ. ಅದರ ಉದ್ದನೆಯ ರಬ್ಬರ್ ಕಾಲಿನಿಂದ ತೊಟ್ಟಿಕ್ಕಿದ್ದು ನೀರು. ಟಾರ್ಚು ಬಿಟ್ಟು ನೋಡಿದರೆ ಪ್ಲಗ್ಗು ಕೂರುವ ಆಳದ ತೂತಿನ ತಳದಲ್ಲಿ ತುಕ್ಕು ಬೆರೆತ ನೀರು ಹಾಗೇ ನಿಂತಿತ್ತು. ಮೇಲೆ ರಬ್ಬರ್ ಮುಚ್ಚಿಕೊಂಡಿದ್ದರಿಂದ ಒಳಗೆ ಹೋದ ನೀರಿಗೆ ಆರುವ ದಾರಿಯೇ ಇರಲಿಲ್ಲ. ಸ್ವಾಮಿ ಮೊದಲು ಕಂಪ್ರೆಸರ್ ಗಾಳಿ ಹೊಡೆದು ಅದನ್ನೆಲ್ಲ ಹೊರಗೆ ಹಾರಿಸಿದ. ಹಾಗೆ ಮಾಡದೆ ಪ್ಲಗ್ಗು ಬಿಚ್ಚಿದರೆ ನೀರು ಸಿಲಿಂಡರಿನೊಳಕ್ಕೇ ಇಳಿಯುತ್ತದೆ. ಆಮೇಲೆ ಪ್ಲಗ್ಗು ಬಿಚ್ಚಿ ಅವಳ ಕೈಗೆ ಕೊಟ್ಟ. ಬಿಳೀ ಪಿಂಗಾಣಿಯ ಮೇಲೆ ಮೇಲಿಂದ ಕೆಳಗಿನವರೆಗೆ ಕೂದಲೆಳೆಯಂಥ ಒಂದು ಕಪ್ಪು ಗೀರು. ಕಿಡಿ ಒಳಗೆ ಹತ್ತುವ ಬದಲು ನೀರಿನ ದಾರಿ ಹಿಡಿದು ಹೊರಗೇ ಇಳಿದುಹೋಗಿದೆ ಅಂತ ವಿವರಿಸಿದ. ಮಿಕ್ಕ ಮೂರನ್ನೂ ತೆಗೆದು ನೋಡಿದ, ಒಣಗಿದ್ದವು. ಮೂರನೆಯದರ ಬಾಯಿಯ ರಬ್ಬರ್ ಒಂದು ಕಡೆ ಸೀಳಿತ್ತು, ಮೇಲೆ ನಿಂತ ನೀರು ಅಲ್ಲಿಂದ ಮೆಲ್ಲಗೆ ಒಳಗಿಳಿದಿತ್ತು.

"ಇಂಜಿನ್ ಮ್ಯಾಲೆ ಪ್ರೆಸ್ಸರ್ ನೀರು ಬುಟ್ಟೋರು ಯಾರಪ್ಪ?" ಅಂತ ಸ್ವಾಮಿ ಕೇಳಿದ.

ಮಾದೇಶ ಶೆಡ್ಡಿನ ಆಚೆ ಹೋಗುತ್ತಿದ್ದ ಎಚ್.ಡಿ. ಕೋಟೆ ಬಸ್ಸನ್ನು, ಅದರಲ್ಲಿ ತನ್ನ ನೆಂಟರಿದ್ದಾರೇನೋ ಅನ್ನುವ ಹಾಗೆ, ನೋಡುತ್ತಾ ನಿಂತ. ಸ್ವಾಮಿಗೆ ಅರ್ಥವಾಯಿತು. ಹಬ್ಬದ ಮಾರನೇ ದಿನದಿಂದ ಇಂಥವು ನಾಲ್ಕೈದು ಬಂದಿವೆ ಬಿಡಮ್ಮ, ಈ ಜನಕ್ಕೆ ಎಷ್ಟು ಹೇಳಿದರೂ ಅಷ್ಟೇ ಅಂದು, ಹೊಸ ಪ್ಲಗ್ಗು, ಹೊಸ ಕಾಯಿಲು, ಹೊಸ ರಬ್ಬರ್ ಹಾಕಿದ. ಸ್ಟಾರ್ಟ್ ಮಾಡಿದರೆ, ಏನು ಹೇಳಲಿ, ಗಾಡಿ ಮಹೇಂದ್ರನ ಕಾಲದಲ್ಲಿದ್ದ ಹಾಗೆ ಒಂದೇ ಸಮನೆ ಗುನುಗಿತು. ಪವಿತ್ರಳಿಗೆ ಅಳು ಬಂತು. ಗಾಡಿ ಸರಿಹೋಯಿತಲ್ಲ ಅಂತಲ್ಲ, ತನ್ನ ಬೆರಳಿನಲ್ಲಿ ವಿಷವಿಲ್ಲ ಅಂತ ಗೊತ್ತಾಯಿತಲ್ಲ ಅಂತ. ಇಷ್ಟು ದಿನ ಅವಳೂ ಒಳಗೊಳಗೆ ಅರ್ಧ ನಂಬಿಬಿಟ್ಟಿದ್ದಳು. ಹಳೇ ಪ್ಲಗ್ಗನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ವಾಪಸು ಬರುವಾಗ ಮಾದೇಶ ತಾನಾಗಿ ಕೀಯನ್ನು ಅವಳ ಕೈಗಿಟ್ಟ. ಅವಳು ಓಡಿಸಿದಳು. ಅಕ್ಟೋಬರಿನ ಬಿಸಿಲು, ಎರಡೂ ಕಡೆ ಬ್ಯಾರನ್ನುಗಳ ಹೊಗೆ, ಬೇಯುತ್ತಿರುವ ಸೊಪ್ಪಿನ ಸಿಹಿಸಿಹಿ ವಾಸನೆ. ದಿಬ್ಬದಲ್ಲಿ ಗಾಡಿ ಒಂದಿಷ್ಟೂ ಮುಲುಕದೆ ಹತ್ತಿತು. ಗಂಡ ಸತ್ತ ಮೇಲೆ ಅವಳು ಮನಸಾರೆ ಖುಷಿಪಟ್ಟಿದ್ದು ಆ ದಾರಿಯಲ್ಲಿ ಮಾತ್ರ.

ಬಸ್ ಸ್ಟಾಪು ಬಂದಾಗ ಮಾದೇಶ, ಇಲ್ಲೇ ನಿಲ್ಲಿಸಿ ಅಂದ. ಇಳಿದು ಈ ಕಡೆಗೆ ಬಂದವನು ಬಾಗಿಲು ಹಿಡಿದುಕೊಂಡು ನೆಲ ನೋಡಿದ.

"ಚಿಕ್ಕಮಾದಯ್ಯಂಗೆ ಮಾತು ಕೊಟ್ಟಾಗದೆ ಅತ್ಗೆ. ನಾಳೆ ಅದೊಂದು ಆಗೋಗ್ಲಿ. ಆಮ್ಯಾಕೆ ಅವ್ವಂಗೆ ನಾನೇ ಯೋಳ್ತೀನಿ, ನೀರು ಒಡ್ದಿದ್ದು ನಾನೇ ಅಂತ."

ಅವಳಿಗೆ ಬೇಡ ಅನ್ನಬೇಕು ಅನ್ನಿಸಿತು. ಆದರೆ ಹುಡುಗನ ಮುಖ ನೋಡಿ ಅನ್ನಲಾಗಲಿಲ್ಲ. ಸಾಕ್ಷಿ ಹೇಗೂ ಸೆರಗಿನಲ್ಲಿದೆ, ಒಂದು ದಿನ ತಡವಾದರೆ ಏನು ಮುಳುಗಿಹೋಗುತ್ತೆ ಅಂದುಕೊಂಡು ಇಳಿದು ಕೀ ಕೊಟ್ಟಳು. ಅವನು ಮೊದಲು ಹೋದ, ಅವಳು ಹಿಂದಿನಿಂದ ನಡೆದುಕೊಂಡು ಮನೆ ಸೇರಿದಳು. ಮಾದೇಶ ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿದಾಗ ತಿಮ್ಮಮ್ಮ ಹೊಲದಲ್ಲಿದ್ದಳು. ಆ ಸದ್ದನ್ನು ಅವಳು ಕೇಳಲಿಲ್ಲ. ಕೇಳಿದ್ದರೆ ಏನಾಗುತ್ತಿತ್ತೋ ಯಾರಿಗೆ ಗೊತ್ತು.

ಮಂಗಳವಾರ ಹೊತ್ತು ಏರುವ ಮುಂಚೆ ಚಿಕ್ಕಮಾದಯ್ಯ ಬಂದ. ಗಾಡಿಯ ಸುತ್ತ ಬೂದಿಯ ಗೆರೆ ಎಳೆದು, ಮೊಟ್ಟೆ ನಿವಾಳಿಸಿ, ಕಪ್ಪು ದಾರವನ್ನು ಕನ್ನಡಿಗೆ ಕಟ್ಟಿದ. ಪವಿತ್ರ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಆತ ನಿಂಬೆಹಣ್ಣನ್ನು ಎರಡು ಹೋಳು ಮಾಡಿ, ಒಂದು ಹೋಳಿನಿಂದ ಸ್ಟೇರಿಂಗಿನ ನಡುವಿದ್ದ ಬೊಟ್ಟನ್ನು ಉಜ್ಜಿ ಉಜ್ಜಿ ತೆಗೆದ. ಇಷ್ಟು ದಿನ ಅದನ್ನು ಮುಟ್ಟಲು ಯಾರಿಗೂ ಧೈರ್ಯವಾಗಿರಲಿಲ್ಲ. ಬೊಟ್ಟು ಹೋದ ಮೇಲೆ, ಈಗ ಶುರು ಮಾಡಪ್ಪ ಅಂದ.

ಮಾದೇಶ ಕೀ ತಿರುಗಿಸಿದ. ಗಾಡಿ ಬೆಣ್ಣೆಯ ಹಾಗೆ ಸ್ಟಾರ್ಟ್ ಆಯಿತು.

ತಿಮ್ಮಮ್ಮ ಗಾಡಿಯ ಮೂತಿಗೆ ಹಣೆ ಹಚ್ಚಿ ಗಳಗಳ ಅತ್ತಳು. ಪಕ್ಕದ ಮನೆಯ ಕುಳ್ಳಮ್ಮ, ನೋಡ್ರವ್ವ ದೇವರ ಮಹಿಮೆಯ ಅಂತ ಕೆನ್ನೆ ಕೆನ್ನೆ ಬಡಿದುಕೊಂಡಳು. ಚಿಕ್ಕಮಾದಯ್ಯನೇ ತನ್ನ ಶಕ್ತಿಗೆ ಒಂದಿಷ್ಟು ಬೆರಗಾದವನ ಹಾಗೆ ಕಂಡ. ಪವಿತ್ರ ಮಾದೇಶನನ್ನೇ ನೋಡುತ್ತಿದ್ದಳು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ. ಅವನು ಸ್ಟೇರಿಂಗ್ ಹಿಡಿದು ಕೂತೇ ಇದ್ದ. ಅಷ್ಟು ಜನರ ಭಕ್ತಿಯ ನಡುವೆ, ನಿನ್ನೆಯೇ ರಿಪೇರಿ ಮಾಡಿಸಿದ್ದೆ ಅನ್ನುವುದು ಅವನಿಂದಾಗಲಿಲ್ಲ. ಅವಳಿಗೆ ಮೈಯೆಲ್ಲ ಉರಿಯಿತು. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಇನ್ನು ಸುಮ್ಮನಿದ್ದರೆ ಸಾಯುವವರೆಗೂ ತನ್ನ ಬಾಯಿಯ ಮೇಲೇ ಆ ಮೊಸರು.

ಅವಳು ಅಂಗಳಕ್ಕೆ ಇಳಿದುಬಂದಳು. ಬರಬೇಡ ಅಂದಿದ್ದರೂ ಬಂದಳು. ಬೂದಿಯ ಗೆರೆಯ ಈಚೆಗೆ ನಿಂತು ಸೆರಗಿನ ಗಂಟು ಬಿಚ್ಚಿ, ಪ್ಲಗ್ಗನ್ನು ಅತ್ತೆಯ ಅಂಗೈಯಲ್ಲಿಟ್ಟಳು. ಎಲ್ಲವನ್ನೂ ಹೇಳಿದಳು. ಹಬ್ಬದ ದಿನ ಸ್ಪ್ರೇಯರಿನ ನೀರು ಇಂಜಿನ್ನಿಗೆ ಬಿದ್ದದ್ದು, ಮೂರನೇ ತೂತಿನಲ್ಲಿ ನಿಂತದ್ದು, ನಿನ್ನೆ ಸ್ವಾಮಿ ತೆಗೆದದ್ದು, ಹೊಸ ಸಾಮಾನು ಹಾಕಿದ್ದು. ಆ ಕಪ್ಪು ಗೀರನ್ನು ಬೆರಳಿಟ್ಟು ತೋರಿಸಿದಳು. ಕೇಳಿ ನಿಮ್ಮ ಮಗನನ್ನು ಅಂದಳು.

ತಿಮ್ಮಮ್ಮ ಮಗನ ಕಡೆ ತಿರುಗಿದಳು. ಮಾದೇಶ ತಲೆಯೆತ್ತದೆ, ಹೌದವ್ವ, ನೀರು ಒಡ್ದಿದ್ದೆ ಅಂದ. ಪವಿತ್ರಳ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಮುದುಕಿ ಪ್ಲಗ್ಗನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಹಟವೂ ಇರಲಿಲ್ಲ. ತಿಳಿಯಬೇಕು ಅನ್ನುವ ಆಸೆಯೇ ಇತ್ತು. ಅಂಥ ತೂತುಗಳು ಎಷ್ಟಿವೆ ಅಂತ ಕೇಳಿದಳು. ನಾಲ್ಕು ಅಂದಳು ಪವಿತ್ರ. ನಾಲ್ಕರ ಮೇಲೂ ನೀರು ಬಿತ್ತಾ ಅಂತ ಮಗನನ್ನು ಕೇಳಿದಳು. ಬಿತ್ತು ಅಂದ ಅವನು.

"ಮತ್ತೆ ನಾಕು ತೂತಿದ್ರೂವೆ ಅದೊಂದ್ಕೇ ಯಾಕಮ್ಮಿ ಓಯ್ತು ನೀರು?" ಅಂದಳು ತಿಮ್ಮಮ್ಮ.

ರಬ್ಬರ್ ಸೀಳಿತ್ತು ಅಂದಳು ಪವಿತ್ರ. ಅನ್ನುತ್ತಿರುವಾಗಲೇ ಅವಳಿಗೆ ಮುಂದಿನ ಪ್ರಶ್ನೆ ಕಂಡಿತು. ಅದೊಂದೇ ಯಾಕೆ ಸೀಳಿತು? ರಬ್ಬರ್ ಅಂದ ಮೇಲೆ ಎಲ್ಲೋ ಒಂದು ಸೀಳುತ್ತದೆ, ಅದಕ್ಕೊಂದು ಕಾರಣ ಇರುವುದಿಲ್ಲ. ಆದರೆ ಕಾರಣ ಇಲ್ಲ ಅನ್ನುವುದು ಅಂಗಳದಲ್ಲಿ ನಿಂತಿದ್ದ ಯಾರಿಗೂ ಉತ್ತರವಾಗಿ ಕೇಳುವ ಹಾಗಿರಲಿಲ್ಲ. ಕುಳ್ಳಮ್ಮ ಆಗಲೇ ಹೂಂ, ಅದೇ ಮತ್ತೆ ಅಂತ ತಲೆ ಆಡಿಸುತ್ತಿದ್ದಳು. ಪವಿತ್ರ ಮಾದೇಶನ ಕಡೆ ನೋಡಿದಳು. ಅವನ ಮುಖ ನಿರಾಳವಾಗಿತ್ತು. ಅವ್ವನ ಪ್ರಶ್ನೆ ಅವನ ತಪ್ಪನ್ನೂ ತೊಳೆದುಹಾಕಿತ್ತು. ನೀರು ಹೊಡೆದವನು ಅವನು, ನೀರಿಗೆ ದಾರಿ ತೋರಿಸಿದ್ದು ಬೇರೆಯವರ ಕೈ.

"ಬುಡಿ ಅತ್ಗೆ," ಅಂದ ಅವನು. "ಅವ್ವ ಯೋಳೋದ್ರಲ್ಲೂ ಅದೆ."

ತಿಮ್ಮಮ್ಮ ಪ್ಲಗ್ಗನ್ನು ಸೊಸೆಯ ಕೈಗೆ ಮರಳಿ ಕೊಟ್ಟು, ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕಣ್ಣಲ್ಲಿ ಇನ್ನೂ ನೀರಿತ್ತು.

"ನಿಂದು ತಪ್ಪು ಅಂತ ನಾನು ಅನ್ನಾಕಿಲ್ಲ ಕಣಮ್ಮಿ. ಒಬ್ಬನ್ನ ಕಳ್ಕಂಡಿವ್ನಿ. ನಿನ್ ಕೈ ತಾಕ್ತಿದ್ರೆ, ಇನ್ನೊಬ್ಬನ್ನ ಆ ಗಾಡೀಲಿ ಕಳ್ಸಿ, ಬರಗಂಟ ಎದ್ರುಕಂಡು ಕೂರಾಕೆ ನನ್ ಕೈಲಾಗಾಕಿಲ್ಲ. ನೀನು ಮನೇಲಿರು. ಉಣ್ಣಾಕೆ ಉಡಾಕೆ ನಿಂಗೇನು ಕಮ್ಮಿ ಮಾಡಾಕಿಲ್ಲ."

ಬೈದು ನೂಕಿದ್ದರೆ ತಿರುಗಿ ಬೈಯಬಹುದಿತ್ತು. ಹೀಗೆ ಅಳುತ್ತಾ ಕೈ ಹಿಡಿದುಕೊಂಡು ಕೀ ಕಿತ್ತುಕೊಂಡವಳನ್ನು ಏನು ಮಾಡುವುದು. ಪವಿತ್ರಳಿಗೆ ಅತ್ತೆಯ ಮೇಲೆ ದ್ವೇಷವೂ ಹುಟ್ಟಲಿಲ್ಲ. ಹುಟ್ಟಿದ್ದರೆ ಅದನ್ನಾದರೂ ಹಿಡಿದುಕೊಂಡು ಬದುಕುತ್ತಿದ್ದಳು.

ತಡೆ ಒಡೆಸಿದ ಗಾಡಿಯನ್ನು ಊರ ದೇವರ ಗುಡಿಗೆ ಒಂದು ಸುತ್ತು ಹಾಕಿಸಬೇಕಿತ್ತು. ತಿಮ್ಮಮ್ಮ, ರಾಣಿ ಇಬ್ಬರೂ ಮುಂದೆ ಹತ್ತಿದರು. ಚಿಕ್ಕಮಾದಯ್ಯ, ಕುಳ್ಳಮ್ಮ ಹಿಂದೆ ಹತ್ತಿದರು. ಚಕ್ರದ ಕೆಳಗೆ ಹೊಸದಾಗಿ ಇಟ್ಟಿದ್ದ ನಿಂಬೆಹಣ್ಣು ಪಚಕ್ಕನೆ ಅಪ್ಪಚ್ಚಿಯಾಯಿತು. ಗಾಡಿ ಬೀದಿಗಿಳಿದು ಹೋಯಿತು. ಪವಿತ್ರ ಬೂದಿಯ ಗೆರೆಯ ಈಚೆಯೇ ನಿಂತು ಕೇಳಿಸಿಕೊಂಡಳು. ನಾಲ್ಕೂ ಸಿಲಿಂಡರುಗಳು ಒಂದರ ಹಿಂದೆ ಒಂದು ಕೆಲಸ ಮಾಡುತ್ತಿದ್ದವು, ಎಲ್ಲೂ ಒಂದು ತಪ್ಪಿಲ್ಲ. ಅಷ್ಟು ಚೆನ್ನಾಗಿ ಮಾಡಿಸಿಕೊಂಡು ಬಂದವಳು ಅವಳೇ. ಗಾಡಿ ಕುಂಟುತ್ತಲೇ ಇದ್ದಿದ್ದರೆ ಚಿಕ್ಕಮಾದಯ್ಯ ಸೋಲುತ್ತಿದ್ದ. ಅವನನ್ನು ಗೆಲ್ಲಿಸಿದ್ದೂ ಅವಳೇ.

ಕೆರೆ ಏರಿಯ ತಿರುವಿನಲ್ಲಿ ಮಾದೇಶ ಗೇರ್ ಇಳಿಸಲಿಲ್ಲ. ಮೂರನೇ ಗೇರಿನಲ್ಲೇ ಹತ್ತಿಸಲು ಹೋಗಿ ಇಂಜಿನ್ನು ಮುಕ್ಕರಿಯುವುದು ಅಂಗಳದವರೆಗೂ ಕೇಳಿಸಿತು. ಎರಡಕ್ಕೆ ಹಾಕು ಅಂತ ಅವಳ ಎಡಗೈ ತಾನಾಗಿ ಮುಂದಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡು, ಪೊರಕೆ ತಂದು, ಅಂಗಳದ ಬೂದಿ ಗುಡಿಸತೊಡಗಿದಳು.